ಹೆಸರು ಹೇಳದೆ ಹಡಗಿಲ್ಲ

ಹಡಗು ಹತ್ತುವವರಿಗೆ ಬುದ್ಧಿ ಹೇಳುವುದು ನನ್ನ ಕೆಲಸವಾಗಿತ್ತು. ನಾನು ಸ್ವತಃ ಹಡಗು ಹತ್ತಿದವನಲ್ಲ. ಒಮ್ಮೆ ಹೆಂಡತಿಯನ್ನು ಕರೆದುಕೊಂಡು ಘಾರಾಪುರಿಯ ಗುಹೆ ನೋಡಲು ಲಾಂಚಿನಲ್ಲಿ ಹೋಗಿ, ಹೋಗುವಾಗಲೂ ಬರುವಾಗಲೂ ವಾಂತಿ ಮಾಡಿಕೊಂಡದ್ದೇ ನನ್ನ ಸಮುದ್ರಯಾನದ ಒಟ್ಟು ಅನುಭವ. ಆದರೂ ಮುಂಬಯಿಯ ಕೋಟೆ ಭಾಗದಲ್ಲಿದ್ದ ಆ ಟಿಕೆಟ್ ಏಜೆಂಟರ ಕಚೇರಿಯಲ್ಲಿ, ಪೂರ್ವ ಆಫ್ರಿಕಕ್ಕೆ ಹೊರಟ ಜನ ನನ್ನ ಮೇಜಿನ ಮುಂದೆ ಕುಳಿತು ನಾನು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ನನಗೂ ಅದರಿಂದ ಸ್ವಲ್ಪ ಜಂಬ ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನೇ ಬರೆದ ಒಂದು ಸೂಚನಾಪತ್ರವಿತ್ತು. ಎರಡು ಪುಟ, ಕನ್ನಡದಲ್ಲಿ, ಸೈಕ್ಲೋಸ್ಟೈಲ್ ಮಾಡಿಸಿದ್ದು. ದೊಡ್ಡ ಟ್ರಂಕು ಹಡಗಿನ ತಳಕ್ಕೆ ಹೋಗುತ್ತದೆ, ದಡ ಮುಟ್ಟುವ ತನಕ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ದಾರಿಯ ಬಟ್ಟೆ, ತಟ್ಟೆ, ತಂಬಿಗೆ ಬೇರೆ ಗಂಟಿನಲ್ಲಿರಲಿ. ಟ್ರಂಕಿನ ಹಿಡಿಕೆಗೆ ಕೆಂಪು ಬಟ್ಟೆಯ ಚೂರು ಕಟ್ಟಿರಿ. ಅಲ್ಲಿ ಕಪ್ಪು ಟ್ರಂಕು ಸಾವಿರ ಇರುತ್ತವೆ. ಡೆಕ್ಕಿನ ಪ್ರಯಾಣಿಕರು ಹಾಸಿಗೆ ತಾವೇ ತರಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹತ್ತು ದಿನ ಕೆಡುವುದಿಲ್ಲ. ಉಪ್ಪಿನಕಾಯಿಯನ್ನು ಗಾಜಿನಲ್ಲಿ ಒಯ್ಯಬೇಡಿ. ಹೊಟ್ಟೆ ತೊಳಸಿದರೆ ನಿಂಬೆಹಣ್ಣು ಮೂಸಿರಿ, ದೂರದ ದಿಗಂತ ನೋಡಿರಿ. ಪಾಸ್‌ಪೋರ್ಟನ್ನು ಬಟ್ಟೆಯ ಚೀಲದಲ್ಲಿ ಹೊಲಿದು ಮೈಮೇಲೆ ಇಟ್ಟುಕೊಳ್ಳಿ. ಎರಡನೆಯ ಪುಟದಲ್ಲಿ ಹೊಸ ದೇಶದಲ್ಲಿ ಬಾಳುವ ಬಗೆ: ಕುದಿಸಿದ ನೀರು ಕುಡಿಯಿರಿ, ಸೊಳ್ಳೆಪರದೆ ಬಿಡಬೇಡಿ, ಆ ನೆಲದ ಇಪ್ಪತ್ತು ಮಾತು ಮೊದಲ ತಿಂಗಳೇ ಕಲಿಯಿರಿ, ಮಾತುಮಾತಿಗೆ 'ನಮ್ಮ ಊರಾಗ ಹಿಂಗಿಲ್ಲ' ಎನ್ನಬೇಡಿ. ಕೊನೆಯ ಸಾಲು: ಅಧಿಕಾರಿಗಳು ಕೇಳಿದ್ದಕ್ಕೆ ನಾಚಿಕೊಳ್ಳದೆ ಸ್ಪಷ್ಟವಾಗಿ ಉತ್ತರ ಕೊಡಿ.

ಆ ಕೊನೆಯ ಸಾಲು ಬರೆಯುವಾಗ ನನಗೆ ಅದು ಎಲ್ಲಕ್ಕಿಂತ ಸುಲಭದ ಸೂಚನೆ ಅನ್ನಿಸಿತ್ತು.

ಆ ಹೆಣ್ಣುಮಗಳು ತನ್ನ ಸೋದರಮಾವನ ಜೊತೆ ಬಂದದ್ದು ದೀಪಾವಳಿ ಮುಗಿದ ವಾರ. ಮಾವ ಧಾರಾವಿಯ ಒಂದು ಚರ್ಮದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಊರು ವಿಜಾಪುರದ ಕಡೆ. ಆಕೆಗೆ ಹತ್ತೊಂಬತ್ತೋ ಇಪ್ಪತ್ತೋ ಇರಬಹುದು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಮಾತಿಗೆ ಮೊದಲು ಮಾವನ ಮುಖ ನೋಡುವ ಅಭ್ಯಾಸ. ಗಂಡ ಬಡಗಿ. ಮದುವೆಯಾದ ಆರು ತಿಂಗಳಿಗೆ ಮೊಂಬಾಸಾಕ್ಕೆ ಹೋದವನು ಮೂರು ವರ್ಷಗಳ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವ ಪರವಾನಗಿ ಪಡೆದು ಕಳಿಸಿದ್ದ. ಆ ತಿಂಗಳ ಕೊನೆಯೊಳಗೆ ಆಕೆ ಇಲ್ಲಿಂದ ಹಡಗು ಹತ್ತಬೇಕು ಎಂದು ಅದರಲ್ಲಿ ಬರೆದಿತ್ತು. ಆ ಅವಧಿಯೊಳಗೆ ಹೋಗುವ ಹಡಗು ಒಂದೇ ಉಳಿದಿತ್ತು. ಅದು ತಪ್ಪಿದರೆ ಗಂಡ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು, ಮತ್ತೆ ವರ್ಷಗಟ್ಟಲೆ ಕಾಯಬೇಕು.

ಮಾವ ತನ್ನ ಅಂಗಿಯ ಒಳಜೇಬಿನಿಂದ ಗಂಡನ ಕಾಗದ ತೆಗೆದು ಕೊಟ್ಟ. ಸಂಬಂಧವನ್ನು ದೃಢಪಡಿಸುವ ಏನಾದರೂ ಅದರಲ್ಲಿದೆಯೇ ಎಂದು ನೋಡಲು ನಾನು ಓದಿದೆ. ಕೋಣೆಗೆ ಸುಣ್ಣ ಹೊಡೆಸಿದ್ದು, ಒಲೆ ಹಾಕಿದ್ದು ಬರೆದಿದ್ದ. ಆಮೇಲೆ, 'ಆಕಿ ಕೈಗೆ ನಿಲುಕುವಷ್ಟು ಎತ್ತರಕ್ಕ ಹಲಗಿ ಹೊಡದೀನಿ. ಡಬ್ಬಿ ಇಡಾಕ ಸ್ಟೂಲ್ ಹತ್ತೂದು ಬ್ಯಾಡ' ಎಂದು ಒಂದು ಸಾಲು. ಮೂರು ವರ್ಷ ನೋಡದ ಹೆಂಡತಿಯ ಕೈ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ಆ ಮನುಷ್ಯ ನೆನಪಿನಿಂದಲೇ ಅಳೆದಿದ್ದ. ಈ ಕೆಲಸ ಹೇಗಾದರೂ ಮಾಡಿಕೊಡಬೇಕು ಎಂದು ನನಗೆ ಅನ್ನಿಸಿದ್ದು ಆ ಸಾಲಿನಿಂದ.

ಮೊದಲ ಹಂತಗಳು ಸರಾಗವಾಗಿ ಮುಗಿದವು. ಸಿಡುಬಿನ ಚುಚ್ಚುಮದ್ದಿನ ಹಳೆಯ ಗುರುತು ತೋಳಿನ ಮೇಲಿತ್ತು. ಮತ್ತೆ ಹಾಕಿಸಿ ಸರ್ಟಿಫಿಕೇಟು ತಂದೆವು. ಎರಡು ದಿನ ಜ್ವರ ಬಂತು. ಫೋಟೋ ತೆಗೆಯುವವನು ತಲೆಯ ಮೇಲಿನ ಸೆರಗು ಹಿಂದೆ ಸರಿಸಿರಿ ಎಂದಾಗ ಆಕೆ ಗೋಡೆಯಂತೆ ನಿಂತಳು. ಕೊನೆಗೆ ಕಿವಿ ಕಾಣುವಷ್ಟು ಮಾತ್ರ ಸರಿಸಿದಳು. ನಾನು ಹೇಳಿಕೊಟ್ಟ ಎಲ್ಲವನ್ನೂ ಆಕೆ ಗಮನವಿಟ್ಟು ಕೇಳುತ್ತಿದ್ದಳು. ಓದು ಬಾರದಿದ್ದರೂ ಸೂಚನಾಪತ್ರವನ್ನು ಮಾವನಿಂದ ಓದಿಸಿಕೊಂಡು ಎರಡೂ ಪುಟ ಬಾಯಿಪಾಠ ಮಾಡಿದ್ದಳು.

ಉಳಿದದ್ದು ಒಂಟಿಯಾಗಿ ಹೊರಟ ಹೆಂಗಸರನ್ನು ವಿಚಾರಿಸುವ ಕಚೇರಿ. ಗಂಡನ ಬಳಿ ಕಳಿಸುತ್ತೇವೆಂದು ನಂಬಿಸಿ ಹೆಂಗಸರನ್ನು ಬೇರೆ ಯಾರ ಪಾಲಿಗೋ ಸಾಗಿಸಿದ ಪ್ರಸಂಗಗಳು ಆಗಿದ್ದವಂತೆ. ಅದಕ್ಕೇ ಅಲ್ಲಿಯ ಅಧಿಕಾರಿ ಪ್ರತಿಯೊಬ್ಬಳನ್ನೂ ಎದುರಿಗೆ ಕೂರಿಸಿ, ಎಲ್ಲಿಗೆ ಹೋಗುತ್ತೀ, ಯಾರ ಬಳಿಗೆ ಹೋಗುತ್ತೀ, ಗಂಡನ ಹೆಸರೇನು ಎಂದು ಅವಳ ಬಾಯಿಂದಲೇ ಕೇಳಿ ತಿಳಿದು ಮುದ್ರೆ ಹಾಕುತ್ತಿದ್ದರು. ಪಾರ್ಸಿ ಗೃಹಸ್ಥರು, ವಯಸ್ಸಾದವರು, ಬಿಗಿ ಮನುಷ್ಯ; ಆದರೆ ಅನ್ಯಾಯದವರಲ್ಲ. ನಮ್ಮಂಥ ಏಜೆಂಟರ ಗುಮಾಸ್ತರಿಗೆ ಒಳಗೆ ಬರಲು ಒಂದು ಪಾಸು ಕೊಟ್ಟಿದ್ದರು. ಒಳಗೆ ಬಂದು ಸುಮ್ಮನೆ ಕೂರಬೇಕು, ಅಷ್ಟೆ.

ನಾನು ಸುಮ್ಮನೆ ಕೂರಲಿಲ್ಲ. ಊರು ಕೇಳಿದರು, ಆಕೆ ಮೆಲ್ಲಗೆ ಹೇಳಿದಳು. ಹೋಗುವ ಜಾಗ ಕೇಳಿದರು, ಹೇಳಿದಳು. "ಪತಿ ಕಾ ನಾಮ್ ಬೋಲೋ, ಬಾಯಿ" ಎಂದರು. ಆಕೆ ತಲೆ ತಗ್ಗಿಸಿದಳು. ಒಂದು ಕ್ಷಣವಾಯಿತು, ಎರಡು ಕ್ಷಣವಾಯಿತು. ಈ ಮೌನ ತಡೆಯಲಾರದೆ ನಾನೇ ಗಂಡನ ಹೆಸರನ್ನು, ಅವನ ಅಪ್ಪನ ಹೆಸರು ಸಹಿತ, ಶಾಲೆಯ ಹುಡುಗನಂತೆ ಒದರಿಬಿಟ್ಟೆ.

ಅಧಿಕಾರಿ ಲೇಖನಿ ಕೆಳಗಿಟ್ಟರು. "ನಾನು ಕೇಳಿದ್ದು ನಿನ್ನನ್ನಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮತ್ತೆ ಆಕೆಯ ಕಡೆ ತಿರುಗಿ ಕೇಳಿದರು. ಆಕೆ ನೆಲ ನೋಡುತ್ತಿದ್ದಳು. ಕಡತದ ಮೇಲೆ ಏನೋ ಬರೆದು, ಮುಂದಿನ ಸೋಮವಾರ ಬರಲು ಹೇಳಿ ಕಳಿಸಿದರು. ಇಷ್ಟು ವರ್ಷ ಉಪದೇಶ ಮಾಡಿದವನು, ಒಳಗೆ ಸುಮ್ಮನೆ ಕೂರಬೇಕೆಂಬ ಮೊದಲ ಪಾಠವನ್ನೇ ಮರೆತಿದ್ದೆ.

ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಸಾಧಾರಣವಾಗಿ ಹೀಗೆ ಹೋಗುವವರ ಜೊತೆ ಒಂದು ಮಗು ಇರುತ್ತಿತ್ತು. ಅದು ಅಪ್ಪನ ಹೆಸರನ್ನು ಪಟ್ಟನೆ ಹೇಳುತ್ತಿತ್ತು, ಸಾಹೇಬರು ನಕ್ಕು ಮುಂದೆ ಹೋಗುತ್ತಿದ್ದರು. ಈಕೆಗೆ ಮಗುವಿರಲಿಲ್ಲ. ಮುಂದಿನ ವಾರವೆಲ್ಲ ನಾನು ಆಕೆಗೆ ಅಭ್ಯಾಸ ಮಾಡಿಸಿದೆ. ಮೇಜಿನ ಆಚೆ ನಾನೇ ಸಾಹೇಬನಾಗಿ ಕುಳಿತು ಗಂಟಲು ಸರಿಮಾಡಿಕೊಂಡು ಪ್ರಶ್ನೆ ಕೇಳುತ್ತಿದ್ದೆ. ಬೇರೆಲ್ಲಕ್ಕೂ ಉತ್ತರ ಬರುತ್ತಿತ್ತು. ಆ ಒಂದು ಪ್ರಶ್ನೆಗೆ ಬಾಯಿ ಮುಚ್ಚಿಕೊಳ್ಳುತ್ತಿತ್ತು.

"ಒಂದ ಸಲ ಹೇಳವಾ ತಂಗಿ. ಯಾರೂ ಏನೂ ಅನ್ನೂದಿಲ್ಲ" ಎಂದೆ.

"ಹೇಳಂಗಿಲ್ರಿ ಅಣ್ಣಾರ."

"ಹೇಳಲಿಲ್ಲಂದ್ರ ಹಡಗ ಹೋಗಿಬಿಡ್ತದ."

ಆಕೆ, "ಅವರು ನೀರಿನ ಆಚಿ ಕಡೆ ಅದಾರ್ರೀ. ಇಲ್ಲಿ ನಾ ಏನರ ತಪ್ಪು ಮಾಡಿದ್ರ ಅಲ್ಲಿ ಅವರಿಗೆ ತಟ್ಟತೈತಿ. ಹತ್ತರ ಇದ್ದಿದ್ರ ನೋಡ್ಕೋತಿದ್ದೆ" ಎಂದಳು. ಕಣ್ಣಲ್ಲಿ ನೀರಿರಲಿಲ್ಲ, ಹಟವೂ ಇರಲಿಲ್ಲ. ಹೆಸರು ಬಾಯಲ್ಲಿ ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳಿಗೆ, ಗಂಡನನ್ನು ಸೇರಲು ಆ ಹೆಸರನ್ನೇ ಹೇಳು ಎಂದು ನಾವೆಲ್ಲ ಗಂಟುಬಿದ್ದಿದ್ದೆವು.

ಮಾವ ಪಕ್ಕದಲ್ಲೇ ಕುಳಿತಿದ್ದವನು, "ನಮ್ಮವ್ವನೂ ಹಿಂಗ ರೀ ಸಾಹೇಬ್ರ. ಅಪ್ಪ ಸಾಯೂ ತನ ಒಮ್ಮೆನೂ ಹೆಸರ ಹಿಡೀಲಿಲ್ಲ" ಎಂದ. ಸಹಾಯಕ್ಕೆ ಬರುವ ಮಾತಾಗಿರಲಿಲ್ಲ ಅದು.

ಕೊನೆಗೆ ಒಂದು ಉಪಾಯ ಹೊಳೆಯಿತು. ಬೇರೆಯವರು ಹೆಸರು ಹೇಳಲಿ, ಆಕೆ ತಲೆಯಾಡಿಸಲಿ. ಆಕೆಯೂ ಒಪ್ಪಿದಳು. ಎರಡನೆಯ ಸೋಮವಾರ ಅಧಿಕಾರಿ ನನ್ನನ್ನು ಒಳಗೆ ಬಿಡಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಅಲ್ಲಿಯ ಬಾಗಿಲು ಅರ್ಧದ್ದು, ಎರಡೂ ಕಡೆ ತೂಗುವಂಥದ್ದು. ಅದರ ಮೇಲಿನಿಂದ ಆಕೆಯ ತಲೆ, ಭುಜ ಕಾಣುತ್ತಿದ್ದವು. ತಲೆಯಾಡಿಸುವ ವಿಷಯವನ್ನು, ನಾನು ಮೊದಲೇ ಹೇಳಿಟ್ಟಂತೆ, ಒಳಗಿದ್ದ ದುಭಾಷಿ ತಿಳಿಸಿದ. ಅಧಿಕಾರಿ ಜಾಣರು. ಒಂದು ಹೆಸರು ಹೇಳಿ ಹೂಂ ಅನ್ನಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಮೂರು ಹೆಸರು ಓದುತ್ತೇನೆ, ಸರಿಯಾದದ್ದಕ್ಕೆ ತಲೆಯಾಡಿಸಲಿ ಎಂದರು.

ಮೊದಲನೆಯದು ಯಾರದೋ ಹೆಸರು. ಆಕೆ ಕದಲಲಿಲ್ಲ. ಎರಡನೆಯದು ಗಂಡನದು. ಮೂರು ವರ್ಷಗಳಿಂದ, ನಾನು ಒದರಿದ್ದನ್ನು ಬಿಟ್ಟರೆ, ಆ ಹೆಸರನ್ನು ಯಾರೂ ಆಕೆಯ ಎದುರಿಗೆ ಅಷ್ಟು ಗಟ್ಟಿಯಾಗಿ ಹೇಳಿರಲಾರರು. ಕೇಳಿದ ಕೂಡಲೇ ಆಕೆ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಳು. ನಮ್ಮ ಮನೆಗಳಲ್ಲಿ ಹೊಸ ಸೊಸೆ ಗಂಡನ ಹೆಸರು ಕೇಳಿದಾಗ ಹಾಗೆಯೇ ಮಾಡುತ್ತಾಳೆ, ಎಲ್ಲರೂ ನಗುತ್ತಾರೆ. ಮೂರನೆಯ ಹೆಸರು ಬಂದಾಗ ಆಕೆ ನಿರಾಳವಾಗಿ ಸೆರಗು ಸರಿಮಾಡಿಕೊಂಡು ಸಾಹೇಬರನ್ನು ನೋಡಿದಳು. ತಲೆಯಾಡಿಸುವುದು ಆಕೆಗೆ ಮರೆತೇಹೋಗಿತ್ತು.

ಅಧಿಕಾರಿಗೆ ಕಂಡದ್ದು ಬೇರೆ. ಗಂಡ ಎಂದು ಕಾಗದದಲ್ಲಿ ಬರೆದವನ ಹೆಸರು ಕೇಳುತ್ತಲೇ ಈ ಹುಡುಗಿ ಅಸಹ್ಯದಿಂದ ಮುಖ ತಿರುಗಿಸಿದಳು. ಅವರು ನನ್ನನ್ನು ಒಳಗೆ ಕರೆದು, ಈಕೆಯನ್ನು ಬಲವಂತವಾಗಿ ಕಳಿಸುತ್ತಿದ್ದಾರೆ ಎಂದು ನನಗೆ ಅನುಮಾನ, ಇನ್ನೊಂದೇ ಒಂದು ಸಲ ನೋಡುತ್ತೇನೆ, ಆಮೇಲೆ ಕಾಗದಪತ್ರ ಹಿಂದಕ್ಕೆ ಹೋಗುತ್ತವೆ ಎಂದರು. ನಾನು ವಿವರಿಸಲು ಬಾಯಿ ತೆರೆದೆ. "ಹಿಂದಿನ ಸಲವೂ ನೀನೇ ಮಾತಾಡಿದೆ" ಎಂದರು. ಮುಂದಿನ ಸೋಮವಾರ ಕೊನೆಯ ಭೇಟಿ. ಆ ಗುರುವಾರ ಹಡಗು.

ನಾನು ಮನೆಗೆ ಹೋಗುವ ಮುಲುಂಡಿನ ಲೋಕಲ್ ರೈಲು ಆ ದಿನ ಎಂದಿಗಿಂತ ನಿಧಾನವಾಗಿ ಹೋಯಿತು. ಚಾಳಿನ ಮೆಟ್ಟಿಲು ಹತ್ತುವಾಗಲೇ ಹೆಂಡತಿಗೆ ನನ್ನ ಮುಖ ನೋಡಿ ತಿಳಿದಿತ್ತು. ಆಕೆ ಧಾರವಾಡದವಳು, ನಾಲ್ಕನೇ ಇಯತ್ತೆ ಓದಿದವಳು, ನನ್ನ ಜಂಬವನ್ನು ಎಷ್ಟು ಬೇಕೋ ಅಷ್ಟೇ ಬೆಳೆಯಗೊಡುವವಳು. ಚಹ ಕುಡಿಯುತ್ತ ಎಲ್ಲ ಹೇಳಿದೆ. ಗೋಡೆ ಕಡೆ ಮುಖ ತಿರುಗಿಸಿದ್ದು ಕೇಳಿ ಮೊದಲು ನಕ್ಕಳು, ಆಮೇಲೆ ಅಯ್ಯೋ ಎಂದಳು.

"ನೀವು ಆಕೀನ್ನ ಹೆಂಗ ಕೇಳಿದ್ರಿ?"

"ಗಂಡನ ಹೆಸರ ಏನಂತ ಕೇಳ್ದೆ. ಮತ್ತ ಹೆಂಗ ಕೇಳಬೇಕು?"

"ನನ್ನ ಹಂಗ ಕೇಳಿದ್ರ ನಾನರ ಹೇಳ್ತೀನೇನು? ಹತ್ತ ವರ್ಷ ಆತು, ಒಮ್ಮೆರ ನಿಮ್ಮ ಹೆಸರ ಹಿಡಿದು ಕರದೀನೇನು?"

"ಇಲ್ಲ."

"ಆದ್ರ ಒಂದ ಸಲ ಹೇಳೀನಿ. ಮಂದಿ ಮುಂದ, ಗಟ್ಟಿಯಾಗಿ ಹೇಳೀನಿ. ಯಾವಾಗ, ನೆನಪ ಮಾಡ್ಕೋರಿ."

ನೆನಪಾಯಿತು. ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ನನ್ನ ಅಕ್ಕ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ಬಾಗಿಲು ತಡೆದಿದ್ದಳು. ಹೆಸರು ಹೇಳಿ ಒಳಗೆ ಬಾ ಎಂದಿದ್ದಳು. ಈಕೆ ನಾಚುತ್ತ, ಪ್ರಾಸ ಕಟ್ಟಿದ ನಾಲ್ಕು ಮಾತಿನ ನಡುವೆ ನನ್ನ ಹೆಸರನ್ನು ಅಡಗಿಸಿ ಒಡಪು ಹೇಳಿದ್ದಳು. ಒಡಪಿನೊಳಗೆ ಹೇಳಿದ ಹೆಸರು ದೋಷವಲ್ಲ; ಶುಭ. ಅದನ್ನು ಕೇಳಿದ್ದೇ ನನಗೆ ಮದುವೆಯಲ್ಲಿ ಎಲ್ಲಕ್ಕಿಂತ ಹಿತವಾಗಿದ್ದ ಗಳಿಗೆ. ಅದನ್ನೇ ಮರೆತು ಒಂದು ವಾರ ಆ ಹುಡುಗಿಯನ್ನು ಪೀಡಿಸಿದ್ದೆ. ಒಡಪು ಎಂದರೆ ಮನೆಯ ನಗೆ, ಅರಿಶಿನ ಕುಂಕುಮದ ಜೊತೆಗಿನ ಸಂಭ್ರಮ. ಅದು ಕಚೇರಿಗೆ ಸಲ್ಲುವ ವಸ್ತು ಎಂದು ನನ್ನ ಗುಮಾಸ್ತ ಬುದ್ಧಿಗೆ ಹೊಳೆದೇ ಇರಲಿಲ್ಲ.

ಹೊಳೆದ ಮೇಲೂ ಕಷ್ಟ ಉಳಿದಿತ್ತು. ಕೊನೆಯ ಭೇಟಿಯ ದಿನ ಆಕೆ ಇದ್ದಕ್ಕಿದ್ದಂತೆ ಪ್ರಾಸ ಕಟ್ಟಿ ಹಾಡಿದರೆ, ಏಜೆಂಟ್ ಹೇಳಿಕೊಟ್ಟ ಪಾಠ ಎಂದು ಸಾಹೇಬರು ಕಡತ ಮುಚ್ಚಿಬಿಡುತ್ತಿದ್ದರು. ನಾಲ್ಕು ದಿನ ಯೋಚಿಸಿದೆ. ಶನಿವಾರ ಕಚೇರಿ ಅರ್ಧ ದಿನ. ನಾನೊಬ್ಬನೇ ಅಧಿಕಾರಿಯ ಮುಂದೆ ಹೋಗಿ ನಿಂತು, ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ: ಮೊದಲ ದಿನ ಆಕೆಯ ಬದಲು ಉತ್ತರ ಕೊಟ್ಟದ್ದು ನನ್ನ ತಪ್ಪು, ನಡುವೆ ಆಕೆಗೆ ಪಾಠ ಹೇಳಿಕೊಟ್ಟದ್ದೂ ನಿಜ. ಪಾಠ ಹೇಳಿಕೊಡುವುದು ನಿಯಮಕ್ಕೆ ವಿರುದ್ಧ. ಒಪ್ಪಿಕೊಂಡವನ ಪಾಸು ರದ್ದಾದರೆ ಯಾವ ಏಜೆಂಟನೂ ಅವನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಆದರೂ ಗಂಡನ ಕಾಗದದ ಆ ಹಲಗೆಯ ಸಾಲು ತಲೆಯಲ್ಲಿತ್ತು.

ಅಧಿಕಾರಿ ಕೆಂಪಗಾದರು. ನಾನು ಹೆಸರಿನ ನಿಷೇಧ, ಬಾಗಿಲು ತಡೆಯುವುದು, ಒಡಪು ಎಲ್ಲವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಕಟ್ಟುಕತೆಯ ಹಾಗೆ ಕೇಳಿಸಿತು. ಅವರು ನನ್ನನ್ನು ನಿಲ್ಲಿಸಿ ಗಂಟೆ ಒತ್ತಿದರು. ಹೊರಗೆ ಕೂರುತ್ತಿದ್ದ ಟೈಪಿಸ್ಟ್ ಬಾಯಿ ಒಳಗೆ ಬಂದರು. ವಿಲೆ ಪಾರ್ಲೆಯ ಮರಾಠಿ ಹೆಂಗಸು, ಒಂಬತ್ತು ಗಜದ ಸೀರೆ, ಮೂಗಿನ ಮೇಲೆ ಕನ್ನಡಕ. ಇವನು ಹೇಳುವುದು ನಿಜವೇ ಎಂದು ಅಧಿಕಾರಿ ಕೇಳಿದರು.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್, ನನಗೆ ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ನಿಮ್ಮ ಕೈಕೆಳಗೆ ಏಳು ವರ್ಷ. ನನ್ನ ಯಜಮಾನರ ಹೆಸರು ನನ್ನ ಬಾಯಿಂದ ಕೇಳಿದ್ದೀರಾ?" ಎಂದರು.

ಅಧಿಕಾರಿ ಯೋಚಿಸಿದರು. "ನೀನು ಯಾವಾಗಲೂ 'ಆಮಚೇ ಹೇ', ನಮ್ಮವರು, ಅನ್ನುತ್ತೀ. ಆದರೆ ನಿನ್ನ ಫಾರಮಿನಲ್ಲಿ ಹೆಸರಿತ್ತಲ್ಲ."

"ಬರೆದದ್ದು, ಸರ್. ಬರೆಯುವುದು ಬೇರೆ."

ನನ್ನ ಹುಡುಗಿಗೆ ಬರೆಯಲು ಬರುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಧಿಕಾರಿ ಆಕೆಯ ಕಡತ ತರಿಸಿ ಮತ್ತೊಮ್ಮೆ ನೋಡಿದರು. ಕೊನೆಗೆ, ನಿಯಮ ನಿಯಮವೇ, ಹೆಸರು ಆಕೆಯ ಬಾಯಿಂದಲೇ ಬರಬೇಕು. ಹೇಗೆ ಕೇಳಬೇಕೋ ಟೈಪಿಸ್ಟ್ ಬಾಯಿ ಕೇಳಲಿ, ನೀನು ಮಾತ್ರ ಕಟ್ಟಡದ ಮೆಟ್ಟಿಲಿನ ಮೇಲೆ ಇರು, ಮೇಲೆ ಬರಬೇಡ ಎಂದರು. ಪಾಸಿನ ಮಾತು ಎತ್ತಲಿಲ್ಲ.

ಭಾನುವಾರ ನನ್ನ ಹೆಂಡತಿ ಧಾರಾವಿಗೆ ಹೋದಳು. ನಾನು ಬರುವುದು ಬೇಡ ಎಂದಳು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ಬಂದವಳು, "ನಾ ಏನೂ ಕಲಿಸಿಲ್ಲ. ನಾಳೆ ಬಾಗಲಾ ತಡೀತಾರ, ತಯಾರಾಗಿ ಬಾ ಅಂದೆ. ಆಕಿ ಮಾರಿ ನೋಡಬೇಕಾಗಿತ್ತು ನೀವು. ಮದುವಿ ಮನ್ಯಾಗಿನ ಹುಡಿಗಿ ಹಂಗ ಆತು" ಎಂದಳು.

ಸೋಮವಾರ ಆಕೆ ಇಳಕಲ್ ಸೀರೆಗೆ ಹೊಸ ಕುಪ್ಪಸ ತೊಟ್ಟು ಬಂದಿದ್ದಳು. ನನ್ನ ಹೆಂಡತಿ ಕುಂಕುಮದ ಭರಣಿ ತಂದಿದ್ದಳು. ನಾನು ಆಜ್ಞೆಯಂತೆ ಮೆಟ್ಟಿಲಿನ ಮೇಲೆಯೇ ನಿಂತೆ. ಆದರೆ ಯಾವ ಮೆಟ್ಟಿಲು ಎಂದು ಸಾಹೇಬರು ಹೇಳಿರಲಿಲ್ಲವಾದ್ದರಿಂದ ಎಲ್ಲಕ್ಕಿಂತ ಮೇಲಿನದನ್ನು ಆರಿಸಿಕೊಂಡೆ. ಅಲ್ಲಿಂದ ಓಣಿಯ ಉದ್ದಕ್ಕೂ ಆ ತೂಗುಬಾಗಿಲು ಕಾಣುತ್ತಿತ್ತು. ಆಕೆ ಹತ್ತಿರ ಬಂದಾಗ ಟೈಪಿಸ್ಟ್ ಬಾಯಿ ಕುರ್ಚಿಯಿಂದೆದ್ದು, ನನ್ನ ಹೆಂಡತಿಯ ಭರಣಿಯಿಂದ ಆಕೆಗೆ ಕುಂಕುಮ ಇಟ್ಟು, ಬಾಗಿಲಿಗೆ ತೋಳು ಅಡ್ಡ ಹಿಡಿದು ನಿಂತರು.

"ನಾವ ಘ್ಯಾ, ಮಗಚ್ ಆತ್ ಯಾ" ಎಂದರು. ಹೆಸರು ಹೇಳು, ಆಮೇಲೆ ಒಳಗೆ ಬಾ. ಆಕೆಗೆ ಮರಾಠಿ ಬಾರದು. ಆದರೆ ಅಡ್ಡ ಹಿಡಿದ ತೋಳು ಅರ್ಥವಾಯಿತು.

ಸುತ್ತಲಿನ ಗುಮಾಸ್ತರೆಲ್ಲ ತಲೆ ಎತ್ತಿದರು. ಎಲ್ಲೋ ಟಕಟಕ ಎನ್ನುತ್ತಿದ್ದ ಇನ್ನೊಂದು ಟೈಪ್‌ರೈಟರ್ ನಿಂತಿತು. ಆಕೆ ಒಮ್ಮೆ ನನ್ನ ಹೆಂಡತಿಯನ್ನು ನೋಡಿದಳು. ಆಮೇಲೆ ಕಣ್ಣು ಕೆಳಗೆ ಮಾಡಿ, ಸಣ್ಣ ದನಿಯಲ್ಲಿ, ಆದರೆ ಒಂದಕ್ಷರವೂ ನುಂಗದೆ ಹೇಳಿದಳು:

"ಹತ್ತು ದಿನದ ಹಾದಿ, ಹಾದಿ ತುಂಬ ನೀರ,
ರೊಟ್ಟಿ ಗಂಟು ಕಟ್ಟೀನಿ, ಬಿಡಬೇಕ್ರಿ ಸಾಹೇಬರ,
ದಂಡಿ ಮ್ಯಾಲ ಹಾದಿ ನೋಡತಾರ..."

ಮೂರನೆಯ ಸಾಲಿನ ಕೊನೆಗೆ ಗಂಡನ ಹೆಸರು ಬಂತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆಕೆಯ ಸ್ವತ್ತು. ಒಮ್ಮೆ ಒದರಿದ್ದೇ ಸಾಕು. ಹೆಸರು ಹೇಳಿದ ದನಿಯಲ್ಲಿ ಮಾತ್ರ ಮೂರು ವರ್ಷದ ಕಾಯುವಿಕೆ ಪೂರ್ತಿ ಇತ್ತು, ಅದು ಆ ಓಣಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ನನಗೆ ಅಳು ಬಂತು. ಮೆಟ್ಟಿಲ ಮೇಲೆ ನಿಂತೇ ಅತ್ತೆ.

ಒಳಗಿನಿಂದ ಅಧಿಕಾರಿ, "ಇನ್ನೊಂದು ಸಲ, ನಿಧಾನವಾಗಿ ಹೇಳಲಿ" ಎಂದರು. ಬರೆದುಕೊಳ್ಳಲು ಲೇಖನಿ ಹಿಡಿದಿದ್ದರಂತೆ.

"ಒಂದೇ ಸಲ, ಸರ್" ಎಂದು ಟೈಪಿಸ್ಟ್ ಬಾಯಿ ತೋಳು ತೆಗೆದರು. "ಅದು ಒಂದೇ ಸಲ ಹೇಳುವುದು."

ಎರಡು ನಿಮಿಷಕ್ಕೆ ಮುದ್ರೆ ಬಿದ್ದ ಸದ್ದು ನನ್ನ ಮೆಟ್ಟಿಲಿನ ತನಕ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅಧಿಕಾರಿ ಹೊರಗೆ ಬಂದು, ನಾನು ನಿಂತ ಜಾಗ ನೋಡಿ, ಹುಬ್ಬೇರಿಸಿ ಒಳಗೆ ಹೋದರು.

ಗುರುವಾರ ಬಂದರಿಗೆ ನಾವು ನಾಲ್ವರೂ ಹೋದೆವು. ಟ್ರಂಕಿಗೆ ಕೆಂಪು ಬಟ್ಟೆ, ಬೇರೆ ಗಂಟು, ಸುತ್ತಿದ ಹಾಸಿಗೆ, ಮೈಮೇಲೆ ಹೊಲಿದ ಚೀಲ; ನನ್ನ ಸೂಚನಾಪತ್ರ ಆಕೆಯ ರೂಪದಲ್ಲಿ ನಡೆದುಹೋಗುತ್ತಿತ್ತು. ಡಾಕ್ಟರರು ತೋಳು ನೋಡಿ ಮುಂದೆ ಬಿಟ್ಟರು. ಅದೇ ಹಡಗಿಗೆ ಹೊರಟಿದ್ದ ಒಂದು ಗುಜರಾತಿ ಕುಟುಂಬದ ಅಜ್ಜಿಗೆ ಆಕೆಯನ್ನು ಒಪ್ಪಿಸಿದೆ. ನನ್ನ ಹೆಂಡತಿ ಆರು ನಿಂಬೆಹಣ್ಣು ಉಡಿಯಲ್ಲಿ ಹಾಕಿದಳು. ಮಾವ ದೊಡ್ಡ ದನಿಯಲ್ಲಿ ಅತ್ತ. ಆಕೆ ಅಳಲಿಲ್ಲ. "ಬರ್ತೀನ್ರಿ ಅಣ್ಣಾರ" ಎಂದು ನಮಸ್ಕಾರ ಮಾಡಿ ಏಣಿ ಹತ್ತಿದಳು. ಮೇಲೆ ಹೋದ ಮೇಲೆ ಅಷ್ಟು ಜನರಲ್ಲಿ ಎಲ್ಲಿದ್ದಾಳೆಂದು ಕಾಣಲೇ ಇಲ್ಲ. ಹಡಗು ತಿರುಗುವ ತನಕ ನಿಂತಿದ್ದು ಬಂದೆವು.

ಮೊಂಬಾಸಾದ ಕಾಗದ ಬಂದದ್ದು ಐದು ತಿಂಗಳ ಮೇಲೆ. ನನ್ನ ಹೆಸರಿಗೆ, ಮುಲುಂಡಿನ ವಿಳಾಸಕ್ಕೆ. ಗಂಡನ ಕೈಬರಹ, ಮಾತು ಆಕೆಯದು. ಆಕಿ ಹೇಳ್ತಾಳ, ನಾ ಬರೀತೀನಿ ಎಂದೇ ಶುರುವಾಗಿತ್ತು. ನನ್ನ ಸೂಚನಾಪತ್ರದ ತಪ್ಪುಗಳನ್ನು ಆಕೆ ಒಂದೂ ಬಿಡದೆ ಹೇಳಿ ಬರೆಸಿದ್ದಳು. ನಿಂಬೆಹಣ್ಣು ಏನೇನೂ ಉಪಯೋಗವಿಲ್ಲ. ನಾಲ್ಕು ದಿನ ಮೇಲೇಳಲಿಲ್ಲ. ಗುಜರಾತಿ ಅಜ್ಜಿ ಕೊಟ್ಟ ಒಣ ರೊಟ್ಟಿಯ ಚೂರೇ ಹೊಟ್ಟೆಯಲ್ಲಿ ನಿಂತದ್ದು. ಕೆಂಪು ಬಟ್ಟೆ ಎಲ್ಲ ಟ್ರಂಕುಗಳಿಗೂ ಕಟ್ಟಿದ್ದರು, ಎಲ್ಲರೂ ಏಜೆಂಟರ ಮಾತು ಕೇಳಿದವರೇ. ಮುಂದೆ ಬರುವವರಿಗೆ ಹಸಿರು ಕಟ್ಟಲು ಹೇಳಿ. ಇಪ್ಪತ್ತು ಮಾತು ಬೇಕಿಲ್ಲ, ನೀರಿಗೆ ಮಾಜಿ, ಉಪ್ಪಿಗೆ ಚುಂವಿ, ಇವೆರಡರ ಮೇಲೆ ಒಂದು ತಿಂಗಳು ನಡೆಯುತ್ತದೆ. ಪಕ್ಕದ ಮನೆಯಾಕೆ ಉಳಿದದ್ದು ತಾನೇ ಕಲಿಸುತ್ತಾಳೆ. 'ನಮ್ಮ ಊರಾಗ ಹಿಂಗಿಲ್ಲ' ಎಂದು ದಿನಕ್ಕೊಮ್ಮೆಯಾದರೂ ಅನ್ನದಿದ್ದರೆ ಎದೆ ಹಗುರಾಗುವುದಿಲ್ಲ, ಆ ಸಾಲು ತೆಗೆದುಬಿಡಿ.

ಆಮೇಲೆ ಗಂಡನದೇ ಒಂದು ಮಾತು. 'ಹಲಗಿ ಗಿಡ್ಡಾತ್ರಿ. ಆಕಿ ಮೂರ ವರ್ಷದಾಗ ನಾಕ ಬಟ್ಟು ಬೆಳದಾಳ. ಹಲಗಿ ತುದಿ ಹಣಿಗೆ ಬಡೀತೈತಿ. ಹೋದ ರವಿವಾರ ಕಿತ್ತು ಮ್ಯಾಲ ಹೊಡದೀನಿ.'

ಕಾಗದದ ಕೊನೆಯಲ್ಲಿ: 'ರಾತ್ರಿ ಊಟ ಆದ ಮ್ಯಾಲ ಆಕಿಗೆ ಅಕ್ಷರ ತಿದ್ದಸ್ತೀನಿ. ಕಾಗದ ನಾ ಬರದ್ರೂ ತುದಿಗೆ ಒಂದ ಮಾತು ತಾನ ಬರೀತೀನಿ ಅಂತಾಳ. ಬಾಯಿಲೆ ಹೇಳೂದು ಒಂದ ಸಲ, ಬರಿಯಾಕ ಯಾರ ಬ್ಯಾಡ ಅಂದಾರು ಅಂತಾಳ.'

ಅದರ ಕೆಳಗೆ ಆಕೆಯ ಕೈಬರಹ. ಅಕ್ಷರಗಳು ಒಂದು ದೊಡ್ಡದು, ಒಂದು ಸಣ್ಣದು. ಒತ್ತಿ ಬರೆದದ್ದಕ್ಕೆ ಕಾಗದ ಹಿಂದೆ ಉಬ್ಬಿತ್ತು. ತನ್ನ ಹೆಸರು ಬರೆದಿರಲಿಲ್ಲ, ನಮಸ್ಕಾರವೂ ಇರಲಿಲ್ಲ. ಇದ್ದದ್ದು ಒಂದೇ ಹೆಸರು. ಕಚೇರಿಯಲ್ಲಿ ಎರಡು ವಾರ ನಾವು ಕೇಳಿ ಕೇಳಿ ಸೋತ ಆ ಹೆಸರನ್ನು, ಯಾರೂ ಕೇಳದೆಯೇ, ಆಕೆ ಸಾಲು ತುಂಬ ಬರೆದಿದ್ದಳು.

ಹೆಂಡತಿಗೆ ತೋರಿಸಿದೆ. ಆಕೆ ಕಾಗದವನ್ನು ಹೊರಳಿಸಿ, ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿ ಒಳಗೆ ಹೋದಳು. ಮರುದಿನ ಮಧ್ಯಾಹ್ನ ಡಬ್ಬಾವಾಲಾ ತಂದಿಟ್ಟ ಊಟದ ಚೀಲ ಬಿಚ್ಚುವಾಗ ನೋಡಿದೆ. ಚೀಲದ ಒಳಮಗ್ಗುಲಿಗೆ, ನನ್ನೊಬ್ಬನಿಗೇ ಕಾಣುವ ಹಾಗೆ, ಕೆಂಪು ದಾರದಲ್ಲಿ ನನ್ನ ಹೆಸರು ಹೊಲಿದಿತ್ತು.